ಮೊದಲು ಹೇಳುವ ಬೆಲೆ

ಅದು ಶುರುವಾದದ್ದು ತುಳುವರ ಪಗ್ಗು ತಿಂಗಳಲ್ಲಿ, ಬಿಸು ಹಬ್ಬ ಕಳೆದ ಮೇಲಿನ ವಾರ, ಮಧ್ಯಾಹ್ನದ ಊಟ ಮುಗಿದು ಕಡಬದ ಪೇಟೆ ಅರ್ಧ ಕಣ್ಣು ಮುಚ್ಚಿದ್ದ ಹೊತ್ತಿನಲ್ಲಿ. ಕರೆಂಟು ಹೋಗಿತ್ತು. ಅಳಿಯ ಲೈನ್‌ಮ್ಯಾನ್ ಆಗಿರುವ ಮನೆಯಲ್ಲಿಯೂ ಕರೆಂಟು ಹೋಗುತ್ತದೆ ಎಂಬುದು ದುಗ್ಗಪ್ಪನಿಗೆ ಪ್ರತಿ ಸಲವೂ ಸಣ್ಣದೊಂದು ಮೋಸದ ಹಾಗೆ ಕಾಣುತ್ತಿತ್ತು. ಅವನು ಜಗಲಿಯ ಬೆಂಚಿನಲ್ಲಿ ಹೆಗಲ ಬಟ್ಟೆ ಬೈರಾಸಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತಿದ್ದ. ರಸ್ತೆಗೆ ಮುಖ ಮಾಡಿದ ಮುಂದಿನ ಕೋಣೆಯಲ್ಲಿ ಮಗಳು ಸಮೀಕ್ಷಾ, ಮೋಟರು ನಿಂತ ಹೊಲಿಗೆ ಮೆಷಿನನ್ನು ಕಾಲಿನಿಂದ ತುಳಿಯುತ್ತ, ಯಾರದೋ ಮದುವೆಯ ರವಿಕೆ ಹೊಲಿಯುತ್ತಿದ್ದಳು. ಸ್ಕೂಟರೊಂದು ಬಂದು ನಿಂತಿತು. ಇಳಿದವನು ಜಾಗದ ಬ್ರೋಕರ್ ಪ್ರಸನ್ನ. ಅವನು ಸ್ಕೂಟರನ್ನು ರಸ್ತೆಯ ಕಡೆಗೆ ತಿರುಗಿಸಿ ನಿಲ್ಲಿಸಿದ್ದನ್ನು ದುಗ್ಗಪ್ಪ ನೋಡಿದ. ಹೊರಡುವ ದಾರಿಯನ್ನು ಮೊದಲೇ ಮಾಡಿಟ್ಟುಕೊಂಡು ಬರುವವನು. ಮೆಟ್ಟಿಲು ಹತ್ತುವಾಗ ಅವನು ಮಾಡಿನ ಹಂಚನ್ನಾಗಲಿ ಗೋಡೆಯನ್ನಾಗಲಿ ನೋಡಲಿಲ್ಲ. ದುಗ್ಗಪ್ಪನ ಮುಖ ನೋಡಿದ, ಆಮೇಲೆ ಸಮೀಕ್ಷಾಳ ಮುಖ ನೋಡಿದ. ಎತ್ತು ಕೊಳ್ಳಲು ಬಂದವನು ಗೊರಸು ನೋಡುತ್ತಾನೆ, ಕೊಡಿಸಲು ಬಂದವನು ಮುಖ ನೋಡುತ್ತಾನೆ. ಇದನ್ನು ದುಗ್ಗಪ್ಪನಿಗೆ ಯಾರೂ ಶಾಲೆಯಲ್ಲಿ ಕಲಿಸಿದ್ದಲ್ಲ. ಶಾಲೆ ಎರಡನೇ ಕ್ಲಾಸಿಗೇ ಮುಗಿದಿತ್ತು.

"ಎಂತ ಸೆಕೆ ಮಾರಾಯ್ರೆ," ಎನ್ನುತ್ತ ಪ್ರಸನ್ನ ಗಿರಾಕಿಗಳು ಕೂರುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. "ಅಕ್ಕ, ಒಂದು ವಿಷಯ ಉಂಟು. ದೇವಕಿಯಮ್ಮ ಈ ಮನೆ ಕೊಡುದು ಅಂತ ಮಾಡಿದ್ದಾರೆ. ಅವರು ಈಗ ಕಲ್ಲುಗುಂಡಿಯಲ್ಲಿ ತಂಗಿಯ ಜೊತೆಯೇ ಅಲ್ವಾ, ಇಲ್ಲಿಗೆ ಬರುವ ಅಂದಾಜಿಲ್ಲ. ನಿಮ್ಮನ್ನೇ ಮೊದಲು ಕೇಳು ಅಂದ್ರು. ಇಷ್ಟು ವರ್ಷ ಬಾಡಿಗೆಗೆ ಇದ್ದವರಲ್ವಾ."

ಮೆಷಿನಿನ ಚಕ್ರ ತಾನಾಗಿ ಸ್ವಲ್ಪ ತಿರುಗಿ ನಿಂತಿತು. ಸಮೀಕ್ಷಾಳ ಮುಖದಲ್ಲಿ ಒಮ್ಮೆಗೇ ಬಂದ ಬೆಳಕನ್ನು ದುಗ್ಗಪ್ಪ ನೋಡಿದ, ಪ್ರಸನ್ನನೂ ಅದನ್ನು ನೋಡಿದ ಎಂಬುದನ್ನೂ ನೋಡಿದ. ಆಯಿತು, ಅರ್ಧ ವ್ಯಾಪಾರ ಇಲ್ಲಿಗೇ ಹೋಯಿತು ಎಂದುಕೊಂಡ. ಅವಳು ಹೇಳಿಯೇಬಿಟ್ಟಳು: ನಾವೂ ಅದನ್ನೇ ನೋಡ್ತಾ ಇದ್ದೆವು, ಪುತ್ತೂರಿನ ಬ್ಯಾಂಕಿನಲ್ಲಿ ಇವರು ಹೋಗಿ ವಿಚಾರಿಸಿದ್ದಾರೆ, ಮನೆ ಯಾವುದು ಅಂತ ಗೊತ್ತಾಗುವ ಮೊದಲೇ ಇಷ್ಟರವರೆಗೆ ಲೋನ್ ಕೊಡ್ತೇವೆ ಅಂತ ಲೆಟರ್ ಕೊಟ್ಟಿದ್ದಾರೆ. ಪ್ರಸನ್ನ ತಲೆ ಆಡಿಸಿದ. "ಒಳ್ಳೆದಾಯ್ತು ಅಕ್ಕ. ಹಾಗಾದ್ರೆ ಒಂದು ಕೆಲಸ ಮಾಡಿ. ಆ ಲೆಟರಿನ ಫೋಟೋ ನನಗೊಂದು ವಾಟ್ಸಾಪ್ ಹಾಕಿ. ದೇವಕಿಯಮ್ಮನಿಗೆ ತೋರಿಸಿದ್ರೆ ಅವರಿಗೂ ಧೈರ್ಯ. ಬರೀ ಬಾಯಿಮಾತಿನವರು ಬಂದು ಬಂದು ಅವರಿಗೆ ಸಾಕಾಗಿದೆ."

"ಲೆಟರ್ ಎಂತಕ್ಕೆ?" ಎಂದ ದುಗ್ಗಪ್ಪ ಬೆಂಚಿನಿಂದಲೇ. ಅವನು ಮಾತಾಡಿದ್ದು ಅದೊಂದೇ.

"ಈಗ ಎಲ್ಲ ಹಾಗೆಯೇ ಅಜ್ಜಾ," ಎಂದು ಪ್ರಸನ್ನ ನಕ್ಕ. ಮಗಳು ತಂದುಕೊಟ್ಟ ಪುನರ್ಪುಳಿ ಶರಬತ್ತನ್ನು ಅವನು ಒಂದೇ ಗುಟುಕಿಗೆ ಕುಡಿದ. ಅರ್ಧ ಬಿಟ್ಟಿದ್ದರೆ ಅದಕ್ಕೊಂದು ಅರ್ಥ ಹುಡುಕಬಹುದಿತ್ತು. ಪೂರ್ತಿ ಕುಡಿದದ್ದಕ್ಕೂ ದುಗ್ಗಪ್ಪ ಒಂದು ಅರ್ಥ ಹುಡುಕಿದ.

ಸಂಜೆ ಅಳಿಯ ಯತಿನ್ ಬಂದು ಸ್ನಾನ ಮಾಡಿ ಚಾಕ್ಕೆ ಕೂತಾಗ ಮನೆಯೊಳಗೆ ಹೊಸಬರು ಯಾರೋ ಬಂದು ಕೂತಂತೆ ಆ ಮಾತು ಕೂತಿತ್ತು. ಸಮೀಕ್ಷಾ ರವಿಕೆ ಬಟ್ಟೆಗಳ ಕಪಾಟಿನಿಂದ ಲೆಟರನ್ನು ತೆಗೆದು ತಂದಳು. ಇಪ್ಪತ್ತೆಂಟು ಲಕ್ಷ. ಅಂಕೆಯನ್ನು ದುಗ್ಗಪ್ಪ ಓದಬಲ್ಲ, ಅಕ್ಷರಗಳು ಇಂಗ್ಲಿಷು. ಯತಿನ್‌ನ ಸಂಬಳ, ಇವಳ ಹೊಲಿಗೆಯ ಲೆಕ್ಕ ಎಲ್ಲ ನೋಡಿ ಬ್ಯಾಂಕಿನವರು ಇವರ ಉಸಿರು ಎಲ್ಲಿಯ ತನಕ ಬರುತ್ತದೆಂದು ಅಳೆದು ಬರೆದದ್ದು. ಅದನ್ನೇ ಬ್ರೋಕರನ ಕೈಗೆ ಕೊಡುವುದೆಂದರೆ? "ಕೊಡುದರಲ್ಲಿ ಎಂತ ಉಂಟು ಮಾವ," ಎಂದ ಯತಿನ್, "ಬ್ಯಾಂಕಿನವರೇ ಹೇಳಿದ್ದಾರೆ, ಪಾರ್ಟಿಗೆ ಬೇಕಾದ್ರೆ ತೋರಿಸಿ ಅಂತ." ದುಗ್ಗಪ್ಪ ಚಾದ ಲೋಟವನ್ನು ನೆಲಕ್ಕಿಟ್ಟ. "ಇಪ್ಪತ್ತೆಂಟು ಅಂತ ಗೊತ್ತಾದ ಮೇಲೆ ಇಪ್ಪತ್ತೈದಕ್ಕೆ ಯಾರು ಕೊಡ್ತಾರೆ? ಕಿಸೆಯಲ್ಲಿ ಎಷ್ಟು ಉಂಟು ಅಂತ ಹೇಳಿ ಮೀನು ತಗೊಳ್ಳಲಿಕ್ಕೆ ಹೋಗ್ತೀಯಾ ನೀನು?" ಯತಿನ್ ನಕ್ಕ, ಆದರೆ ಸಮೀಕ್ಷಾ ನಗಲಿಲ್ಲ. "ಅಪ್ಪ ಹೇಳುದರಲ್ಲೂ ಒಂದು ಸತ್ಯ ಉಂಟು," ಎಂದಳು. ಎಷ್ಟೋ ಕಾಲದ ಮೇಲೆ ಮಗಳು ಅವನ ಮಾತನ್ನು ಎತ್ತಿ ಹಿಡಿದಿದ್ದಳು. ಹೆಂಡತಿ ಸುಂದರಿ ತೀರಿಹೋದ ಮೇಲೆ ಅಜ್ಜಾವರದ ತಮ್ಮನ ಮನೆಯಿಂದ ಇಲ್ಲಿಗೆ ಬಂದು ಸೇರಿದವನು ಅವನು. ಬಂದ ದಿನದಿಂದ ನೀರು ಸೇದುವುದು, ಗ್ಯಾಸಿನ ಗಾಡಿ ಬಂದರೆ ಕೂಗುವುದು, ಬಟ್ಟೆ ಕೊಡಲು ಬಂದವರಿಗೆ ಮಗಳು ಒಳಗೆ ಉಂಟು ಎನ್ನುವುದು, ಇಷ್ಟೇ. ಇದಕ್ಕೆಲ್ಲ ಮನುಷ್ಯನೇ ಬೇಕೆಂದಿಲ್ಲ, ಒಂದು ನಾಯಿಯೂ ಮಾಡೀತು ಎಂದು ಅವನಿಗೆ ಕೆಲವು ಮಧ್ಯಾಹ್ನಗಳಲ್ಲಿ ಅನಿಸುತ್ತಿತ್ತು. ಸಮೀಕ್ಷಾ ಲೆಟರನ್ನು ಮಡಚಿದಳು. "ನೀವೇ ಹೋಗಿ ಮಾತಾಡಿ ಅಪ್ಪ. ಲೆಟರ್ ಕೊಡುದು ಬೇಡ, ಕಾಗದದ ಮೇಲೆ ಕಂಡ್ರೆ ಮತ್ತೆ ಒಂದು ಪೈಸೆ ಇಳಿಸುದಿಲ್ಲ. ಇಪ್ಪತ್ತೆಂಟರವರೆಗೆ ಬ್ಯಾಂಕಿನವರು ಕೊಡ್ತಾರೆ, ಸ್ವಲ್ಪ ಕಡಿಮೆ ಮಾಡಿ ಕೊಡಿಸು ಅಂತ ಬಾಯಲ್ಲಿ ಹೇಳಿ ಬನ್ನಿ. ನಿಮಗೆ ಆ ವ್ಯವಹಾರ ಗೊತ್ತುಂಟಲ್ಲ."

ಗೊತ್ತುಂಟು. ಕುಲ್ಕುಂದದ ದನದ ಜಾತ್ರೆಗೆ ಘಟ್ಟದ ಮೇಲಿನವರು ಗುಂಡ್ಯದ ದಾರಿಯಾಗಿ ಎತ್ತುಗಳನ್ನು ನಡೆಸಿಕೊಂಡು ಬರುತ್ತಿದ್ದ ಕಾಲದಲ್ಲಿ ಅವನ ಸೋದರಮಾವ ದಲ್ಲಾಳಿ. ಮಾವನ ಹಿಂದೆ ಹಿಂದೆ ಹೋಗಿ ಅವನೂ ದಲ್ಲಾಳಿಯಾದ. ಅಲ್ಲಿ ಯಾರೂ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನ ಕೈಯ ಮೇಲೆ ಒಂದು ಬೈರಾಸು, ಅದರ ಅಡಿಯಲ್ಲಿ ದಲ್ಲಾಳಿಯ ಕೈ. ಒಂದು ಬೆರಳು ಹಿಡಿದರೆ ಒಂದು, ಮುಷ್ಟಿ ಹಿಡಿದರೆ ಐದು, ಗೆಣ್ಣು ಒತ್ತಿದರೆ ಅರ್ಧ. ಸುತ್ತ ನೂರು ಜನ ನಿಂತು ನೋಡುತ್ತಿದ್ದರೂ ಬೆಲೆ ಎರಡು ಕೈಗಳ ನಡುವೆಯೇ ಹುಟ್ಟಿ ಅಲ್ಲಿಯೇ ಸಾಯಬೇಕು. ಬಾಯಿ ಮಾತ್ರ ಮಳೆಯ ಬಗ್ಗೆ, ಮಕ್ಕಳ ಬಗ್ಗೆ ಮಾತಾಡುತ್ತಿರಬೇಕು. ಮೊದಲ ಹಿಡಿತ ಯಾವಾಗಲೂ ಕಡಿಮೆಯದ್ದು. ಅದು ಬೆಲೆಯಲ್ಲ, ಬಂದೆ ಎಂದು ಹೇಳುವ ನಮಸ್ಕಾರ. ದಲ್ಲಾಳಿ ಆ ಬೆರಳನ್ನು ಕೊಡವಿ ಎರಡನೆಯದನ್ನು ಹಿಡಿಯುತ್ತಾನೆ; ನೀನು ಅದನ್ನು ಕೊಡವುತ್ತೀಯೆ; ಹಾಗೆ ಹಿಡಿದು ಕೊಡವಿ, ಹಿಡಿದು ಕೊಡವಿ, ಅಂಗೈ ಬೆವತು ಒದ್ದೆಯಾದ ಮೇಲೆಯೇ ಸತ್ಯ ಬರುವುದು. ಮೊದಲ ಹಿಡಿತಕ್ಕೇ ಒಪ್ಪಿದ ದಲ್ಲಾಳಿಯನ್ನು ಅವನು ಕಂಡಿರಲಿಲ್ಲ. ಮೊದಲ ಹಿಡಿತಕ್ಕೇ ಕೈ ಬಿಟ್ಟು ಎದ್ದುಹೋದವನನ್ನೂ ಕಂಡಿರಲಿಲ್ಲ. ಆಮೇಲೆ ಟಿಲ್ಲರು ಬಂತು, ಎತ್ತು ಬೇಡವಾಯಿತು, ಅವನು ಒಂದು ಮರದ ಮಿಲ್ಲಿನಲ್ಲಿ ಹಲಗೆ ಜೋಡಿಸುತ್ತ ಮುದುಕನಾದ. ಆದರೆ ಬಲಗೈಯ ಬೆರಳುಗಳು ಈಗಲೂ ಒಮ್ಮೊಮ್ಮೆ ನಿದ್ದೆಯಲ್ಲಿ ಏನನ್ನೋ ಎಣಿಸಿಕೊಳ್ಳುತ್ತಿದ್ದವು.

ಪ್ರಸನ್ನನ ಆಫೀಸೆಂದರೆ ಜೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ. ದುಗ್ಗಪ್ಪ ಬಾಗಿಲಲ್ಲಿ ನಿಂತಾಗ ಅವನು ಫೋನಿನಲ್ಲಿ ಯಾರಿಗೋ, "ಆಗ್ಲಿ, ಆಗ್ಲಿ, ಅವರು ಎಂತ ಹೇಳ್ತಾರೆ ನೋಡುವ," ಎನ್ನುತ್ತಿದ್ದ. 'ಅವರು' ಎಂದರೆ ನಾವೇ ಎಂದು ದುಗ್ಗಪ್ಪನಿಗೆ ಕೂಡಲೇ ಅನಿಸಿತು. ಕೂತ. ಮಳೆಯ ಬಗ್ಗೆ ಮಾತಾಡಿದ; ಈ ವರ್ಷ ಬೇಗ ಬರುವ ಹಾಗೆ ಉಂಟು ಎಂದ. ಮದುವೆ ಆಗಿದೆಯಾ, ಮಕ್ಕಳೆಷ್ಟು ಎಂದು ಕೇಳಿದ. ಪ್ರಸನ್ನ ಗಡಿಯಾರ ನೋಡಿಕೊಂಡು, ಆದರೂ ಮರ್ಯಾದೆಯಿಂದ, ಉತ್ತರ ಕೊಟ್ಟ. ಕೊನೆಗೆ ದುಗ್ಗಪ್ಪ ಹೆಗಲಿನ ಬೈರಾಸನ್ನು ತೆಗೆದು, ತಾನು ಏನು ಮಾಡುತ್ತಿದ್ದೇನೆಂದು ಸರಿಯಾಗಿ ಗೊತ್ತಾಗುವ ಮೊದಲೇ, ಮೇಜಿನ ಮೇಲಿದ್ದ ಅವನ ಕೈಯ ಮೇಲೆ ಹಾಸಿ ಅಡಿಯಿಂದ ಬೆರಳು ಹಿಡಿದ. ಮೆತ್ತಗಿನ ಬೆರಳು. ಹಗ್ಗವನ್ನಾಗಲಿ ಕತ್ತಿಯನ್ನಾಗಲಿ ಹಿಡಿಯದ ಬೆರಳು. ಪ್ರಸನ್ನ ಬೆಚ್ಚಿ ಕೈ ಎಳೆದುಕೊಂಡವನು ಆಮೇಲೆ ಜೋರಾಗಿ ನಕ್ಕ. "ಎಂತ ಅಜ್ಜಾ, ಕೈ ನೋಡಿ ಭವಿಷ್ಯ ಹೇಳ್ತೀರಾ? ಹೇಳಿ ಹೇಳಿ, ಈ ವರ್ಷವಾದ್ರೂ ಒಂದು ಕಾರು ಬರ್ತದಾ ನೋಡಿ!" ಕೆಳಗಿನ ಜೆರಾಕ್ಸಿನವನಿಗೂ ಕೇಳುವ ಹಾಗೆ ನಕ್ಕ. ದುಗ್ಗಪ್ಪ ಬೈರಾಸನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. ಅದು ಜಾರಿತು; ಇನ್ನೊಮ್ಮೆ ಹಾಕಿಕೊಂಡ. ಮುಖ ಬಿಸಿಯಾಗಿತ್ತು. ಆ ಬಿಸಿಯಲ್ಲಿಯೇ, ಮಗಳು ಹೇಳಿ ಕಳಿಸಿದ ಅಂಕೆ ಗಂಟಲಿನ ತನಕ ಬಂದು ಅಲ್ಲಿಯೇ ತಿರುಗಿಕೊಂಡು, ಬೇರೊಂದು ಹೊರಗೆ ಬಂತು.

"ಬ್ಯಾಂಕಿನವರು ಕೊಡುದು ಇಪ್ಪತ್ತು," ಎಂದ.

"ಇಪ್ಪತ್ತಾ?" ಪ್ರಸನ್ನನ ನಗು ನಿಂತಿತು. "ಅದರ ಮೇಲೆ ಕೈಯಿಂದ ಏನಾದ್ರೂ ಹಾಕ್ಲಿಕ್ಕೆ ಆಗ್ತದಾ?"

"ಎಲ್ಲಿಂದ ಹಾಕುದು ಮಾರಾಯ."

"ಸರಿ ಅಜ್ಜಾ," ಎಂದ ಪ್ರಸನ್ನ ಬಹಳ ಮೃದುವಾಗಿ. ಫೋನಿನಲ್ಲಿ ಅದೇನೋ ಒತ್ತಿಕೊಂಡ. ಅಷ್ಟೇ. ಕೊಡವಲಿಲ್ಲ. ಇಪ್ಪತ್ತಕ್ಕೆ ಈ ಕಾಲದಲ್ಲಿ ದನದ ಹಟ್ಟಿಯೂ ಸಿಗುವುದಿಲ್ಲ ಅಜ್ಜಾ ಎಂದು ಬೈಯಲಿಲ್ಲ. ಕಡಬ ತಾಲೂಕು ಆದ ಮೇಲೆ ಸೆಂಟ್ಸಿನ ರೇಟು ಎಷ್ಟಾಗಿದೆ ಗೊತ್ತುಂಟಾ ಎಂದು ಕೇಳಲಿಲ್ಲ. ಮೆಟ್ಟಿಲು ಇಳಿಯುವಾಗ ದುಗ್ಗಪ್ಪನಿಗೆ ಸಂತೋಷವೇ ಆಯಿತು. ಹುಡುಗ ಪಳಗಿದವನು. ಮೊದಲ ಹಿಡಿತವನ್ನು ಕೇಳಿಯೂ ಕೇಳದ ಹಾಗೆ ಬಿಟ್ಟಿದ್ದಾನೆ. ಬರಲಿ, ಮನೆಗೇ ಬರಲಿ, ಇಪ್ಪತ್ತನಾಲ್ಕರಲ್ಲಿ ನಿಲ್ಲಿಸುತ್ತೇನೆ.

ಮನೆಗೆ ಬಂದಾಗ ಸಮೀಕ್ಷಾ ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಹುಬ್ಬು ಹಾರಿಸಿ ಕೇಳಿದಳು. "ಹೇಳಿದ್ದೇನೆ," ಎಂದ. "ಎಂತ ಅಂದ್ರು?" "ನೋಡುವ ಅಂದ." ಇದರಲ್ಲಿ ಸುಳ್ಳು ಎಲ್ಲಿ ಎಂದು ಅವನು ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದ, ಬಾಯಿ ಬಿಚ್ಚಿ ಹೇಳಿದ ಯಾವ ಮಾತಿನಲ್ಲಿಯೂ ಸಿಗಲಿಲ್ಲ. ಆದರೆ ಬಚ್ಚಲಿಗೆ ಹೋಗಿ ಕಾಲಿಗೆ ನೀರು ಹೊಯ್ದುಕೊಳ್ಳುವಾಗ, ಬೇಕಾದದ್ದಕ್ಕಿಂತ ಹೆಚ್ಚು ನೀರು ಹೊಯ್ದುಕೊಂಡ. ಮನೆಯಾದ ಮೇಲೆ ಹೇಳುವುದು ಎಂದು ನಿಶ್ಚಯಿಸಿದ. ಇಪ್ಪತ್ತೆಂಟರ ಲೆಟರ್ ಇಟ್ಟುಕೊಂಡು ಇಪ್ಪತ್ತನಾಲ್ಕಕ್ಕೆ ಮನೆ ಮಾಡಿಕೊಟ್ಟದ್ದು ಯಾರು ಗೊತ್ತುಂಟಾ ಎಂದು, ಗೃಹಪ್ರವೇಶದ ಊಟದ ಎಲೆಯ ಮುಂದೆ, ಯತಿನ್‌ನ ಕಡೆಯವರೆಲ್ಲ ಕೂತಿರುವಾಗ, ಮಗಳೇ ಹೇಳಿದ ಹಾಗೆ ಕೇಳಿಸಿತು. ಅವನ ಎದೆ ಹಗುರಾಯಿತು.

ಪ್ರಸನ್ನ ಬರಲಿಲ್ಲ. ದಿನಗಳು ಹೋದವು. ಗೇರುಬೀಜದ ಕಾಲ ಮುಗಿದು ಹಲಸಿನ ಹಣ್ಣಿನ ವಾಸನೆ ಎಲ್ಲ ಮನೆಗಳಿಂದ ಬರತೊಡಗಿತು. ಅವನ ಸ್ಕೂಟರು ಎರಡು ಸಲ ಮನೆಯ ಮುಂದಿನಿಂದ ಹೋಯಿತು; ಒಮ್ಮೆ ಕೈ ಎತ್ತಿದ, ಒಮ್ಮೆ ಎತ್ತಲಿಲ್ಲ. ಕೈ ಎತ್ತದೆ ಹೋದ ದಿನವೇ ವ್ಯಾಪಾರ ಹತ್ತಿರ ಬಂದಿದೆ ಎಂದು ದುಗ್ಗಪ್ಪ ತಿಳಿದ. ಸೋದರಮಾವ ಹೇಳುತ್ತಿದ್ದುದು ಅದನ್ನೇ: ಎದುರಿನವನು ಸುಮ್ಮನಾದರೆ ನೀನು ಇನ್ನೂ ಸುಮ್ಮನಾಗು, ಮೊದಲು ಮಾತಾಡಿದವನ ಎತ್ತು ಸೊರಗುತ್ತದೆ. "ಅವರಿಗೆ ಒಂದು ಫೋನ್ ಮಾಡ್ಲಾ ಅಪ್ಪ?" ಎಂದು ಸಮೀಕ್ಷಾ ಕೇಳಿದಳು. "ತಡಿ, ಅವಸರ ತೋರಿಸ್ಬಾರದು," ಎಂದ. ಇನ್ನೊಂದು ದಿನ ಯತಿನ್ ಕೇಳಿದ. "ತಡಿ ಮಾರಾಯ," ಎಂದ. ಅವರಿಬ್ಬರೂ ತಡೆದರು. ತಾನು ಹೇಳಿದ್ದಕ್ಕೆ ಒಂದು ಮನೆ ಇಷ್ಟು ದಿನ ಉಸಿರು ಹಿಡಿದು ಕೂತಿತ್ತೆಂಬುದು ಅವನಿಗೆ ಬಹಳ ವರ್ಷಗಳಲ್ಲಿ ಆಗದ ಅನುಭವ. ಸಮೀಕ್ಷಾ ಮುಂದಿನ ಕೋಣೆಯ ಗೋಡೆಯನ್ನು ನೋಡುತ್ತ, ಇಲ್ಲೊಂದು ದೊಡ್ಡ ಕನ್ನಡಿ ಹಾಕಿದರೆ ರವಿಕೆ ಹಾಕಿ ನೋಡುವವರಿಗೆ ಒಳ್ಳೆಯದು, ಬಾಡಿಗೆ ಮನೆಯೆಂದು ಇಷ್ಟು ದಿನ ಒಂದು ಮೊಳೆ ಹೊಡೆಯಲೂ ಹೆದರಿಕೆ ಎಂದಳು. ಅವಳ ಗಿರಾಕಿಗಳೆಲ್ಲ ಈ ಜಾಗಕ್ಕೇ ಅಭ್ಯಾಸವಾದವರು. ಇಲ್ಲಿಂದ ಎದ್ದರೆ ಮತ್ತೆ ಮೊದಲಿನಿಂದ ಎಂಬುದು ಮೂವರಿಗೂ ಗೊತ್ತಿತ್ತು.

ಒಂದು ಭಾನುವಾರ ಬೆಳಗ್ಗೆ ಯತಿನ್ ಮತ್ತು ಸಮೀಕ್ಷಾ ಮದುವೆಯೊಂದಕ್ಕೆ ಹೋಗಿದ್ದಾಗ ಕಾರೊಂದು ಬಂತು. ಮುಂದೆ ಪ್ರಸನ್ನ, ಹಿಂದೆ ಸುಳ್ಯದ ಕಡೆಯ ಒಬ್ಬಳು ಹೆಂಗಸು, ಕಾರು ಬಿಡುತ್ತಿದ್ದವನು ಅವಳ ತಮ್ಮ ಜಾಸಿರ್. ಹೆಂಗಸಿನ ಹೆಸರು ಮಿಸ್ರಿಯಾ. ಇಲ್ಲಿಯ ಆಸ್ಪತ್ರೆಗೆ ನರ್ಸಾಗಿ ವರ್ಗವಾಗಿ ಬಂದವಳು ಎಂದು ಪ್ರಸನ್ನ ಹೇಳಿದ. "ಸುಮ್ಮನೆ ಒಮ್ಮೆ ನೋಡಿ ಹೋಗ್ತೇವೆ ಅಜ್ಜಾ." ದುಗ್ಗಪ್ಪನಿಗೆ ನಗು ಬಂತು. ಬಂತಲ್ಲ ಕೊನೆಗೂ! ಜಾತ್ರೆಯಲ್ಲಿ ಗಿರಾಕಿ ಬಿಗಿಯಾದರೆ ಮಾವ ಇನ್ನೊಬ್ಬನನ್ನು ಎಳೆದು ತಂದು ಎತ್ತಿನ ಹಲ್ಲು ನೋಡಿಸುತ್ತಿದ್ದ. ಆ ಇನ್ನೊಬ್ಬನಿಗೆ ಸಂಜೆ ಒಂದು ಚಾ, ಒಂದು ಬೀಡಿಕಟ್ಟು. ಹೆಚ್ಚಿನ ಸಲ ಆ ಇನ್ನೊಬ್ಬ ದುಗ್ಗಪ್ಪನೇ ಆಗಿದ್ದ. ಹಲ್ಲು ನೋಡಿ ತಲೆ ಆಡಿಸಿ, ನಾಳೆ ಹಣ ತರುತ್ತೇನೆ ಎಂದು ಹೋಗುವ ವೇಷ ಅವನಷ್ಟು ಚೆನ್ನಾಗಿ ಕಟ್ಟುವವರು ಇರಲಿಲ್ಲ. ಈ ಹೆಂಗಸು ಅಷ್ಟು ಚೆನ್ನಾಗಿ ಕಟ್ಟುತ್ತಿಲ್ಲ ಎನಿಸಿತು ಅವನಿಗೆ. ಅಡುಗೆಮನೆಯಲ್ಲಿ ಬಹಳ ಹೊತ್ತು ನಿಂತಳು. ಕಿಟಕಿಯ ಸರಳನ್ನು ಹಿಡಿದು ಹೊರಗೆ ನೋಡಿದಳು. ವೇಷದವಳು ಕಿಟಕಿಯಿಂದ ಯಾಕೆ ಹೊರಗೆ ನೋಡಬೇಕು ಎಂಬ ಪ್ರಶ್ನೆ ಅವನ ಮನಸ್ಸಿನ ಅಂಚಿಗೆ ಬಂದು ಹೋಯಿತು.

"ಬಾವಿಯಲ್ಲಿ ನೀರು ಹೇಗೆ ಅಜ್ಜಾ?" ಎಂದು ಕೇಳಿದಳು.

"ನೀರಾ?" ಬೆಲೆ ಇಳಿಯಲಿ ಎಂದು ಪ್ರಸನ್ನನಿಗೂ ಕೇಳುವ ಹಾಗೆ ಹೇಳಿದ. "ಈ ತಿಂಗಳಲ್ಲಿ ಕೊಡಪಾನ ಮುಳುಗುದಿಲ್ಲ. ಕೆಸರು ಬರ್ತದೆ. ಮತ್ತೆ ಮಳೆಗಾಲದಲ್ಲಿ ಹಿಂದಿನ ಗೋಡೆ ಪೂರ್ತಿ ಒದ್ದೆ."

ಪ್ರಸನ್ನ ಅವನನ್ನು ನೋಡಿದ. ಹೆಂಗಸು ಬಾವಿಕಟ್ಟೆಯ ಹತ್ತಿರ ಹೋಗಿ ಬಗ್ಗಿದಳು. ಕೆಳಗೆ ನೀರು ಆಕಾಶವನ್ನು ಹೊತ್ತುಕೊಂಡು ತಣ್ಣಗೆ ನಿಂತಿತ್ತು. ಆ ಬೆಳಗ್ಗೆ ದುಗ್ಗಪ್ಪನೇ ಸೇದಿದ ಕೊಡಪಾನದಿಂದ ಕಟ್ಟೆಯ ಮೇಲೆ ಚೆಲ್ಲಿದ ನೀರು ಇನ್ನೂ ಆರಿರಲಿಲ್ಲ. ಜಾಸಿರ್ ಏನೋ ಹೇಳಲು ಬಾಯಿ ತೆರೆದ; ಅಕ್ಕ ಕಣ್ಣಿನಿಂದಲೇ ತಡೆದಳು. ಹಿಂದೆ ತಿರುಗಿ ಬಂದು, "ನಮ್ಮಲ್ಲಿ ಇದಕ್ಕಿಂತಲೂ ಕಡಿಮೆ ನೀರು ಅಜ್ಜಾ, ಅಭ್ಯಾಸ ಉಂಟು," ಎಂದು ನಕ್ಕಳು. ಆ ನಗುವಿನಲ್ಲಿ ವ್ಯಂಗ್ಯ ಇದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಇರಲಿಲ್ಲ. ಮನೆ ಬಿಡಬೇಕಾದ ಮುದುಕನೊಬ್ಬ ಸುಳ್ಳು ಹೇಳಿದ್ದನ್ನು ಮನ್ನಿಸುವ ನಗು ಅದು. ಕಾರು ಹೋದ ಮೇಲೆ ಅವನು ಬಾವಿಕಟ್ಟೆಯ ಒದ್ದೆಯನ್ನು ಕಾಲಿನಿಂದ ಒರಸಿದ. ಯಾಕೆ ಒರಸಿದೆ ಎಂದು ಗೊತ್ತಾಗಲಿಲ್ಲ. ಕಾರು ಬಂದದ್ದನ್ನು ಮಗಳಿಗೆ ಹೇಳಲಿಲ್ಲ. ವೇಷದವರ ಸುದ್ದಿ ಹೇಳಿ ಅವಳನ್ನು ಹೆದರಿಸುವುದು ಯಾಕೆ?

ಆ ವಾರದ ಕೊನೆಯಲ್ಲಿ ದೇವಕಿಯಮ್ಮ ತಾವೇ ಬಂದರು. ಕಲ್ಲುಗುಂಡಿಯಿಂದ ಬಸ್ಸಿನಲ್ಲಿ ಬಂದು, ಪೇಟೆಯಿಂದ ಪ್ರಸನ್ನನ ಜೊತೆ ರಿಕ್ಷಾದಲ್ಲಿ. ಕೈಯಲ್ಲಿ ಹಲಸಿನ ಹಪ್ಪಳದ ಕಟ್ಟು. ಯತಿನ್ ಡ್ಯೂಟಿಯಲ್ಲಿದ್ದ. ದೇವಕಿಯಮ್ಮ ಕುರ್ಚಿಯ ಅಂಚಿನಲ್ಲಿ ಕೂತು ಸೆರಗಿನಿಂದ ಕುತ್ತಿಗೆ ಒರಸಿಕೊಂಡರು. ತಮ್ಮದೇ ಮನೆಗೆ ಬಂದು ಹೀಗೆ ಅಂಚಿನಲ್ಲಿ ಕೂತವರನ್ನು ಕಂಡಾಗಲೇ ದುಗ್ಗಪ್ಪ ಬೈರಾಸಿನಿಂದ ಗಾಳಿ ಹಾಕಿಕೊಳ್ಳುವುದನ್ನು ನಿಲ್ಲಿಸಿದ. "ಸಮೀಕ್ಷಾ, ಕೋಪ ಮಾಡಬೇಡ ಮಗಾ," ಎಂದರು. "ಸುಳ್ಯದವರ ಕೈಯಿಂದ ಅಡ್ವಾನ್ಸ್ ತಕ್ಕೊಂಡಾಯ್ತು. ಮಳೆಗೆ ಮೊದಲು ಬಿಟ್ಟುಕೊಡಬೇಕು ಅಂತ. ನಾನೇ ಬಂದು ಹೇಳುದು ಕ್ರಮ ಅಂತ ಬಂದೆ."

ಸಮೀಕ್ಷಾಳ ಕೈಯಲ್ಲಿ ಟೇಪು ಇತ್ತು. ಅದನ್ನು ಬೆರಳಿಗೆ ಸುತ್ತತೊಡಗಿದಳು. "ನಮ್ಮನ್ನು ಒಂದು ಮಾತು ಕೇಳ್ಬಹುದಿತ್ತಲ್ಲ ಅಮ್ಮ."

"ಕೇಳಿಯೇ ಮಾಡಿದ್ದು ಮಗಾ! ನಿನಗೆ ಕೊಡಬೇಕು ಅಂತಲೇ ಇದ್ದದ್ದು ನನಗೆ. ಇಪ್ಪತ್ತೈದು ಸಿಕ್ಕಿದ್ರೆ ಸಾಕು, ಗುರ್ತದವರು ಅಂತ ಪ್ರಸನ್ನನ ಹತ್ತಿರ ಹೇಳಿದ್ದೆ. ಬ್ಯಾಂಕಿನವರು ಇಪ್ಪತ್ತರ ಮೇಲೆ ಕೊಡುದಿಲ್ಲ ಅಂತ ಗೊತ್ತಾದ ಮೇಲೆ ಮತ್ತೆ ಎಂತ ಕೇಳುದು? ಇನ್ನು ಐದು ತನ್ನಿ ಅಂತ ಕೇಳಿ ನಿಮ್ಮನ್ನು ಸಣ್ಣ ಮಾಡುದು ನನಗೆ ಸರಿ ಕಾಣ್ಲಿಲ್ಲ."

"ಇಪ್ಪತ್ತಾ?" ಎಂದಳು ಸಮೀಕ್ಷಾ.

"ಅಜ್ಜನೇ ಬಂದು ಹೇಳಿದ್ದಲ್ವಾ ಅಕ್ಕ," ಎಂದ ಪ್ರಸನ್ನ.

ದುಗ್ಗಪ್ಪ ಬೆಂಚಿನಲ್ಲಿ ಕೂತಿದ್ದ. ಈಗ ಹೇಳಬಹುದು. ಅದು ಮೊದಲ ಹಿಡಿತ ಮಾತ್ರ, ನೀನು ಕೊಡವಬೇಕಿತ್ತು ಎಂದು ಹೇಳಬಹುದು. ಆದರೆ ಹೇಳಿದರೆ ಅರ್ಥವಾಗುವ ಒಬ್ಬನಾದರೂ ಇಲ್ಲಿ ಉಂಟಾ? ಕುಲ್ಕುಂದದ ಆ ಜಾತ್ರೆಗದ್ದೆಯಲ್ಲಿ ನಿಂತಿದ್ದವರೆಲ್ಲ ಸತ್ತಿದ್ದಾರೆ. ಇಪ್ಪತ್ತೈದು ಎಂದು ಈ ದೇವಕಿಯಮ್ಮ ನಿಜವಾಗಿಯೂ ಹೇಳಿದ್ದರೋ, ಇಲ್ಲಾ ಆ ಕಡೆಯಿಂದ ಹೆಚ್ಚಿಗೆ ಸಿಕ್ಕಿದ ಮೇಲೆ ಹಪ್ಪಳದ ಜೊತೆ ಕಟ್ಟಿ ತಂದ ಮಾತೋ? ಪ್ರಸನ್ನನಿಗೆ ಅಲ್ಲಿಂದ ಎಷ್ಟು? ಈ ಅನುಮಾನ ಅವನ ಮನಸ್ಸಿನಲ್ಲಿ ಒಂದು ಗಳಿಗೆ ಬೆಚ್ಚಗೆ ನಿಂತಿತು. ಅದಕ್ಕೆ ಒರಗಿಕೊಳ್ಳಲು ನೋಡಿದ. ಆಗ ಸಮೀಕ್ಷಾ ತಲೆ ಎತ್ತಿದಳು. ಅಪ್ಪನ ಕಡೆ ನೋಡಲಿಲ್ಲ. ದೇವಕಿಯಮ್ಮನನ್ನು ನೇರವಾಗಿ ನೋಡುತ್ತ ಹೇಳಿದಳು:

"ಹೌದಮ್ಮ. ನಮಗೆ ಅಷ್ಟೇ ಸಿಗುದು."

ಕಪಾಟಿನಲ್ಲಿ ಇಪ್ಪತ್ತೆಂಟರ ಕಾಗದ ಇಟ್ಟುಕೊಂಡು ಹೇಳಿದಳು. ಆಮೇಲೆ ಒಳಗೆ ಹೋಗಿ ಚಾ ಮಾಡಿದಳು. ಹಪ್ಪಳ ಕರಿದಳು. ಎಲ್ಲರಿಗೂ ಕೊಟ್ಟಳು. ದುಗ್ಗಪ್ಪನಿಗೂ ಕೊಟ್ಟಳು. ಹಪ್ಪಳ ಮುರಿಯುವ ಶಬ್ದ ತನ್ನೊಬ್ಬನದೇ ಹೆಚ್ಚಾಗಿ ಕೇಳಿಸುತ್ತಿದೆ ಎನಿಸಿ ಅವನು ಅದನ್ನು ಬಾಯಲ್ಲಿಟ್ಟುಕೊಂಡು ಮೆತ್ತಗಾಗುವ ತನಕ ಕಾದ.

ಬೈದಿದ್ದರೆ ಆಗುತ್ತಿತ್ತು. ಸಂಜೆಯ ತನಕ ಅವನು ಕಾದದ್ದು ಅದಕ್ಕೇ. ಮುಸ್ಸಂಜೆ ಯತಿನ್ ಬಂದ. ಹೆಂಡತಿಯ ಮಾತನ್ನು ನಿಂತುಕೊಂಡೇ ಕೇಳಿದ. ಒಮ್ಮೆ ನೀರು ಕುಡಿದ. ಪ್ರಸನ್ನನಿಗೆ ಫೋನ್ ಮಾಡಿ, ಅದು ತಪ್ಪಾದದ್ದು, ನಮಗೆ ಇಪ್ಪತ್ತೆಂಟು ಉಂಟು ಎಂದ, ಅಲ್ಲಿಂದ ಬಂದ ಉತ್ತರ ಕೇಳಿ, "ಅಗ್ರಿಮೆಂಟೇ ಆಗಿದೆಯಾ?" ಎಂದು ಫೋನ್ ಕೆಳಗಿಟ್ಟ. ಆಮೇಲೆ ಬೆಂಚಿನ ಇನ್ನೊಂದು ತುದಿಯಲ್ಲಿ ಬಂದು ಕೂತು, ಬೂಟಿನ ಲೇಸು ಬಿಚ್ಚುತ್ತ, ತಮಾಷೆಗೆ ಕೇಳಿದ ಹಾಗೆಯೇ ಕೇಳಿದ: "ಮಾವ, ಆ ಕಡೆಯವರು ನಿಮಗೆ ಎಂತಾದ್ರೂ ಕೊಟ್ಟಿದ್ದಾರಾ ಹೇಗೆ?"

ಒಳಗೆ ಮೆಷಿನು ನಿಂತಿತು. ಛೇ, ಎಂತ ಮಾತು ಅಂತ ಹೇಳ್ತೀರಿ ಎಂದು ಅವಳು ಈಗ ಗಂಡನನ್ನು ಗದರಿಸುತ್ತಾಳೆ ಎಂದು ದುಗ್ಗಪ್ಪ ಕಾದ. ಅವಳೂ ಕಾಯುತ್ತಿದ್ದಾಳೆ ಎಂಬುದು ಅವನಿಗೆ ನಿಧಾನವಾಗಿ ಗೊತ್ತಾಯಿತು. ಅವಳು ಸಣ್ಣವಳಿದ್ದಾಗ ಅವನೇ ಎಷ್ಟು ಸಲ ಹೇಳಿದ್ದ, ದಲ್ಲಾಳಿಗೆ ಎರಡು ಕಿಸೆ ಮಗಾ, ಎರಡೂ ಕಡೆಯಿಂದ ಹಾಕಿಕೊಳ್ಳುತ್ತಾನೆ ಎಂದು. ಹೇಳಿ ನಗುತ್ತಿದ್ದ, ಅವಳೂ ನಗುತ್ತಿದ್ದಳು, ಕಿಸೆಯಲ್ಲಿ ಕೈ ಹಾಕಿ ಮಿಠಾಯಿ ಹುಡುಕುತ್ತಿದ್ದಳು.

"ಇಲ್ಲ," ಎಂದ ದುಗ್ಗಪ್ಪ.

ಅಷ್ಟು ಹೊತ್ತಿನ ಮೇಲೆ ಬಂದ ಆ 'ಇಲ್ಲ' ಹೇಗೆ ಕೇಳಿಸಿತೆಂಬುದು ಅವನಿಗೇ ಕೇಳಿಸಿತು. ಅಂಥ 'ಇಲ್ಲ'ಗಳನ್ನು ಅವನು ಜಾತ್ರೆಯಲ್ಲಿ ಬೇಕಾದಷ್ಟು ಕೇಳಿದವನು, ಒಂದನ್ನೂ ನಂಬಿರಲಿಲ್ಲ. "ಇಲ್ಲ ಮಾರಾಯ, ಸತ್ಯವಾಗಿಯೂ ಇಲ್ಲ," ಎಂದು ಇನ್ನೊಮ್ಮೆ ಹೇಳಿದ. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. "ಆಯ್ತು ಮಾವ, ಸುಮ್ಮನೆ ಕೇಳಿದ್ದು," ಎಂದು ಯತಿನ್ ಬೂಟು ಎತ್ತಿಕೊಂಡು ಒಳಗೆ ಹೋದ. ಮೆಷಿನು ಮತ್ತೆ ಶುರುವಾಯಿತು.

ಅದರ ನಂತರ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಊಟಕ್ಕೆ ಕರೆಯುತ್ತಿದ್ದರು, ಬಿಸಿನೀರು ಕಾಯಿಸಿ ಕೊಡುತ್ತಿದ್ದರು. ಆದರೆ ಯತಿನ್ ಬಾಡಿಗೆ ಮನೆ ಹುಡುಕುವ ಫೋನುಗಳನ್ನು ಅಂಗಳಕ್ಕೆ ಇಳಿದು ಮಾಡುತ್ತಿದ್ದ. ಸಮೀಕ್ಷಾ ಫೋನಿನಲ್ಲಿ ಏನನ್ನೋ ನೋಡುತ್ತಿರುವಾಗ ಅವನು ಹತ್ತಿರದಿಂದ ಹಾದುಹೋದರೆ ಅದನ್ನು ಮೆಲ್ಲನೆ ಮಗುಚಿ ಇಡುತ್ತಿದ್ದಳು. ಬೇಕೆಂದೇ ಮಗುಚುತ್ತಿದ್ದಳೋ, ಹಾಗೆಯೇ ಇಡುವ ಅಭ್ಯಾಸವೋ? ಮೊದಲೂ ಹಾಗೆಯೇ ಇಡುತ್ತಿದ್ದಳೇ ಎಂದು ನೆನಪು ಮಾಡಿಕೊಳ್ಳಲು ನೋಡಿದ. ಎಷ್ಟೋ ವರ್ಷದ ಹಿಂದಿನ ಎತ್ತುಗಳ ಸುಳಿ, ಬಣ್ಣ, ಒಡೆಯರ ಹೆಸರು ಎಲ್ಲ ನೆನಪಿರುವವನಿಗೆ ಹೋದ ತಿಂಗಳು ಮಗಳು ಫೋನ್ ಹೇಗೆ ಇಡುತ್ತಿದ್ದಳು ಎಂಬುದು ನೆನಪಾಗಲಿಲ್ಲ. ಕಪಾಟಿಗೆ ಬೀಗ ಬಿದ್ದಿತ್ತು. ಅದು ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಬಿದ್ದ ಬೀಗವೂ ಇರಬಹುದು. ನಾಲ್ಕೈದು ಗಿರಾಕಿಗಳು ಬಂದು ಅರ್ಧ ಹೊಲಿದ ಬಟ್ಟೆಗಳನ್ನು ಹಿಂದೆ ತೆಗೆದುಕೊಂಡು ಹೋದರು. ಹೊಸ ಜಾಗಕ್ಕೂ ಬರುತ್ತೇವೆ ಅಕ್ಕ ಎಂದರು. ಹೊಸ ಜಾಗವೆಂದರೆ ಗುಂಡ್ಯದ ಹೈವೇಯ ಹತ್ತಿರ, ಅಂಗಡಿಸಾಲಿನ ಹಿಂದೆ, ಎರಡು ಕೋಣೆ. ರಸ್ತೆಗೆ ಮುಖ ಮಾಡಿದ ಕೋಣೆ ಅಲ್ಲಿ ಇರಲಿಲ್ಲ.

ಪಿಕಪ್ ಬೆಳಗ್ಗೆಯೇ ಬಂತು. ಪಾತ್ರೆಯ ಗೋಣಿ, ಮಂಚ, ಕೊನೆಗೆ ಮೆಷಿನು. ಡ್ರೈವರನಿಗೆ ಆ ದಿನ ಮಾತ್ರ ಪುರುಸೊತ್ತು ಇದ್ದದ್ದು. ಮಂಗಳವಾರ ಮನೆ ಬಿಡಬಾರದು, ಸಾಮಾನು ಸಾಗಿಸಬಾರದು ಎಂದು ಊರೆಲ್ಲ ಹೇಳುವ ಮಾತು. ದುಗ್ಗಪ್ಪನೂ ಆಯುಷ್ಯವಿಡೀ ಹೇಳಿದವನು. ಹಗ್ಗ ಬಿಗಿಯುತ್ತಿದ್ದ ಅಳಿಯನಿಗೆ ಗಂಟು ಹಿಡಿದುಕೊಟ್ಟ, ಬಾಯಿ ತೆರೆಯಲಿಲ್ಲ. ಸಮೀಕ್ಷಾ ಬಾಗಿಲಿಗೆ ಬೀಗ ಹಾಕಿ ಬಂದು ಅವನ ಪಕ್ಕದಲ್ಲಿ ನಿಂತಳು. "ಇವತ್ತು ಮಂಗಳವಾರ ಅಪ್ಪ," 'ಅಪ್ಪ' ಎಂದದ್ದು ಒಂದು ವಾರದಲ್ಲಿ ಅದೇ ಮೊದಲು, "ಎಂತದೂ ಹೇಳುದಿಲ್ವಾ ನೀವು?"

ಅವನು ಅವಳ ಮುಖ ನೋಡಿದ. ಚುಚ್ಚಿದ್ದೋ, ಕರೆದದ್ದೋ? ಬಹಳ ಹೊತ್ತು ನೋಡಿದ. ಮುಖ ನೋಡಿಯೇ ಬದುಕಿದವನಿಗೆ ಆ ಒಂದು ಮುಖ ತಿಳಿಯಲಿಲ್ಲ.

"ಹೋಗುವ," ಎಂದ.

ಜಾತ್ರೆಗಳೆಲ್ಲ ಮುಗಿಯುವ ಪತ್ತನಾಜೆಗೆ ಮೊದಲಿನ ಮಂಗಳವಾರ, ಬಿಸಿಲು ಏರುವ ಮೊದಲು, ಯತಿನ್ ಡ್ರೈವರನ ಪಕ್ಕದಲ್ಲಿ, ಸಮೀಕ್ಷಾ ಅವನ ಪಕ್ಕದಲ್ಲಿ, ದುಗ್ಗಪ್ಪ ಹಿಂದೆ ಸಾಮಾನುಗಳ ನಡುವೆ ಕೂತು, ಕಡಬದ ಆ ಮನೆಯಿಂದ ಹೋದರು.